ಅಪ್‌ಗ್ರೇಡ್ ಆದ ಮೇಲೆ ಮೇಲ್ ಸರ್ವರ್ ಬೀಳುತ್ತಿದೆಯೇ? ಬಿದ್ದದ್ದು ಯಾರು ಅಂತ ಮೊದಲು ನೋಡಿ

ಪ್ರಶ್ನೆ: ನಮಸ್ಕಾರ ಸರ್. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮದೇ ಮೇಲ್ ಸರ್ವರ್ ಇದೆ. ಮೇಲ್ ಕಳಿಸಲು, ಪಡೆಯಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ಓದಿಸಲು ಡವ್‌ಕಾಟ್, ವೈರಸ್ ತಪಾಸಣೆಗೆ ಕ್ಲ್ಯಾಮ್‌ಎವಿ, ಬಳಕೆದಾರರ ಪಟ್ಟಿಗೆ ಮರಿಯಾಡಿಬಿ ಡೇಟಾಬೇಸ್. 4 ಜಿಬಿ ರ‍್ಯಾಮ್, ಮೇಲ್ ಎಲ್ಲ ಮೇಲ್‌ಡಿರ್ ರೂಪದಲ್ಲಿದೆ, ಅಂದರೆ ಒಂದೊಂದು ಮೇಲ್ ಒಂದೊಂದು ಫೈಲ್. ಹಾಸನದ ಆಫೀಸಿನಲ್ಲಿ ಇನ್ನೊಂದು ಸರ್ವರ್ ಇದೆ, ಎರಡಕ್ಕೂ ರೆಪ್ಲಿಕೇಶನ್ ಇತ್ತು, ಒಂದರ ಮೇಲ್ ಇನ್ನೊಂದಕ್ಕೂ ತಾನಾಗಿ ಕಾಪಿ ಆಗುತ್ತಿತ್ತು. ಕಳೆದ ಭಾನುವಾರ ಇಲ್ಲಿಯ ಸರ್ವರನ್ನು ಡೆಬಿಯನ್ ಲಿನಕ್ಸ್ 12ರಿಂದ 13ಕ್ಕೆ ಏರಿಸಿದೆ. ಡವ್‌ಕಾಟ್ ಸ್ಟಾರ್ಟ್ ಆಗಲಿಲ್ಲ. ಕಾನ್ಫಿಗ್ ತಿದ್ದಿ, ಅದು ಒಪ್ಪದ ಸಾಲುಗಳನ್ನು ಕಾಮೆಂಟ್ ಮಾಡಿ (ಅಳಿಸದೆ ನಿಷ್ಕ್ರಿಯ ಮಾಡಿ) ಹೇಗೋ ಎಬ್ಬಿಸಿದೆ. ಈಗ ದಿನವೂ ಕ್ರ್ಯಾಶ್. ಮೂವರಿಗೆ ಔಟ್‌ಲುಕ್ ಕನೆಕ್ಷನ್ ಪದೇ ಪದೇ ಕಡಿದುಹೋಗುತ್ತದೆ, ಲಾಗ್‌ನಲ್ಲಿ ಸಿಗ್ನಲ್ 11 ಅಂತ ಇದೆ. ಮ್ಯಾನೇಜರ್ ಇನ್‌ಬಾಕ್ಸ್ ತೆರೆಯುವುದೇ ಇಲ್ಲ, ಅಲ್ಲಿ ಎರರ್ 83. ಆಗಾಗ ಎಲ್ಲರಿಗೂ ಕೆಲವು ನಿಮಿಷ ಮೇಲ್ ನಿಂತುಹೋಗಿ ಪಾಸ್‌ವರ್ಡ್ ಕೇಳುತ್ತದೆ. ವೇಬ್ರಿಡ್ಜ್ ರೂಮಿನ ವಿಂಡೋಸ್ 7 ಪಿಸಿಗೆ ಕನೆಕ್ಟೇ ಆಗುವುದಿಲ್ಲ. ಡವ್‌ಕಾಟ್ ಮೇಲ್ ಬೇಗ ಹುಡುಕಲು ಇಟ್ಟುಕೊಳ್ಳುವ ಇಂಡೆಕ್ಸ್ ಫೈಲ್ ಎಲ್ಲ ಅಳಿಸು ಅಂತಾನೆ ಒಬ್ಬ ಗೆಳೆಯ. ಶನಿವಾರದ ಬ್ಯಾಕಪ್ ಹಾಕಿ ಹಳೇದಕ್ಕೆ ಹೋಗು ಅಂತಾನೆ ಇನ್ನೊಬ್ಬ. ಏನು ಮಾಡಲಿ? ಹಾಸನದ್ದನ್ನೂ ಏರಿಸಲೇ?

ಉತ್ತರ: ಇಬ್ಬರು ಗೆಳೆಯರ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಶನಿವಾರದ ಬ್ಯಾಕಪ್ ಹಾಕಿದರೆ ಭಾನುವಾರದಿಂದ ಬಂದ ಮೇಲ್ ಎಲ್ಲ ಹೋಗುತ್ತದೆ. ಬ್ಯಾಕಪ್ ಬಿಟ್ಟು ಪ್ಯಾಕೇಜುಗಳನ್ನಷ್ಟೇ ಹಿಂದಕ್ಕೆ ಇಳಿಸುತ್ತೇನೆ ಅಂದರೆ ಡೆಬಿಯನ್ ಅದಕ್ಕೆ ಬೆಂಬಲ ಕೊಡುವುದಿಲ್ಲ. ಅರ್ಧ ಇಳಿದು ಅರ್ಧ ನಿಂತ ಸಿಸ್ಟಮ್ ಈಗಿನದಕ್ಕಿಂತ ಕಷ್ಟ.

ಸರ್ವರ್ ಬೀಳುವುದರಿಂದಲೇ ಮೇಲ್ ಕಳೆದುಹೋಗುವುದಿಲ್ಲ. ನಿಮಗೆ ಕಳಿಸುವ ಸರ್ವರ್‌ಗೆ ನಿಮ್ಮದು ಸಿಗದಿದ್ದರೆ ಅದು ಮೇಲನ್ನು ತನ್ನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆಗಿದ್ದರೆ ಮಾಮೂಲಿಯಾಗಿ 5 ದಿನ ಕಾಯುತ್ತದೆ. ಹಾಗಾಗಿ ರಾತ್ರಿಯಿಡೀ ಸರ್ವರ್ ಮಲಗಿದ್ದರೂ ಬೆಳಗ್ಗೆ ಮೇಲ್ ಬರುತ್ತದೆ. ಅಪಾಯ ಇರುವುದು ಸರ್ವರ್ ಎದ್ದು ನಿಂತು ತಪ್ಪು ಉತ್ತರ ಕೊಟ್ಟಾಗ. "ಆ ಹೆಸರಿನವರು ಇಲ್ಲಿಲ್ಲ" ಅಂತ 550 ಕೋಡ್ ಕೊಟ್ಟರೆ ಮೇಲ್ ಅಲ್ಲಿಗೇ ಮುಗಿಯಿತು, ಕಳಿಸಿದವರಿಗೆ ವಾಪಸ್ ಹೋಗುತ್ತದೆ. ಮರಿಯಾಡಿಬಿ ಸತ್ತಿದ್ದರೆ ಪೋಸ್ಟ್‌ಫಿಕ್ಸ್ ಹಾಗೆ ಮಾಡುವುದಿಲ್ಲ. "ಆಮೇಲೆ ಬಾ" ಅಂತ 451 ಕೊಡುತ್ತದೆ. ಆದರೆ ಬಳಕೆದಾರರ ಪಟ್ಟಿ ಎಲ್ಲಿದೆ ಅಂತ ಹೇಳುವ ಸಾಲನ್ನೇ ಕಾಮೆಂಟ್ ಮಾಡಿದ್ದರೆ 550 ಬರುವ ಸಾಧ್ಯತೆ ಇದೆ. ಸಾಲುಗಳನ್ನು ಕಾಮೆಂಟ್ ಮಾಡಿದ್ದೇನೆ ಅಂತ ಬರೆದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಈಗಲೇ ಒಂದು ಕೆಲಸ ಮಾಡಿ. ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಯೆಸ್ ಮಾಡಿ ರೀಲೋಡ್ ಕೊಡಿ. ಆಗ 5ರಿಂದ ಶುರುವಾಗುವ ಶಾಶ್ವತ ನಿರಾಕರಣೆಗಳು 4ರಿಂದ ಶುರುವಾಗುವ ತಾತ್ಕಾಲಿಕ ಉತ್ತರಗಳಾಗುತ್ತವೆ. ಕಾನ್ಫಿಗ್ ಎಲ್ಲೋ ತಪ್ಪಿದ್ದರೂ ಮೇಲ್ ಕಳಿಸಿದವರ ಕ್ಯೂನಲ್ಲೋ ನಿಮ್ಮ ಕ್ಯೂನಲ್ಲೋ ಉಳಿಯುತ್ತದೆ. ರಿಪೇರಿ ಮುಗಿದು ಒಂದೆರಡು ದಿನ ಆದ ಮೇಲೆ ನೆನಪಿಟ್ಟು ತೆಗೆಯಿರಿ. ಬಿಟ್ಟರೆ ಸ್ಪ್ಯಾಮ್ ಕಳಿಸುವವರೂ ದಿನಗಟ್ಟಲೆ ಬಾಗಿಲು ತಟ್ಟುತ್ತಾರೆ.

ಇನ್ನು ಕ್ರ್ಯಾಶ್ ವಿಷಯ. ನಿಮ್ಮ ಪತ್ರದಲ್ಲಿ ಒಂದು ಕ್ರ್ಯಾಶ್ ಇಲ್ಲ, ನಾಲ್ಕು ಬೇರೆ ಬೇರೆ ತೊಂದರೆಗಳಿವೆ. ಒಂದೇ ಭಾನುವಾರ ಶುರುವಾದವು ಅಂತ ಒಂದೇ ಕಾರಣ ಇರಬೇಕಿಲ್ಲ, ಅಲ್ವಾ? ಡವ್‌ಕಾಟ್ ಮತ್ತು ಪೋಸ್ಟ್‌ಫಿಕ್ಸ್ ಎರಡೂ ಒಂದೇ ದೊಡ್ಡ ಪ್ರೋಗ್ರಾಮ್ ಅಲ್ಲ, ಚಿಕ್ಕ ಚಿಕ್ಕ ಪ್ರೊಸೆಸ್‌ಗಳ ಗುಂಪು. ಒಂದು ಸತ್ತರೆ ಮಾಸ್ಟರ್ ಪ್ರೊಸೆಸ್ ಇನ್ನೊಂದನ್ನು ಎಬ್ಬಿಸುತ್ತದೆ, ಉಳಿದವರಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಯಾರಿಗೆ ಬೀಳುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಎಲ್ಲರಿಗೂ ಬಿದ್ದರೆ ಕಾನ್ಫಿಗ್, ಲೈಬ್ರರಿ ಅಥವಾ ಮೆಮೊರಿ ನೋಡಿ. ಕೆಲವರಿಗೆ ಮಾತ್ರ ಬಿದ್ದರೆ ಅವರ ಮೇಲ್‌ಬಾಕ್ಸ್ ಒಳಗೆ ನೋಡಿ. ಮೇಲ್‌ಗೆ ಸಂಬಂಧವೇ ಇಲ್ಲದ ಪ್ರೋಗ್ರಾಮ್‌ಗಳೂ ಮನಬಂದಂತೆ ಸಾಯುತ್ತಿದ್ದರೆ ಆ ಮೆಷಿನ್‌ನ ರ‍್ಯಾಮನ್ನೇ ಅನುಮಾನಿಸಿ.

ಹೇಗೆ ಸತ್ತಿತು ಅನ್ನುವುದು ಲಾಗ್‌ನಲ್ಲೇ ಇರುತ್ತದೆ. ಸಿಗ್ನಲ್ 11 ಅಂದರೆ ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಗೆ ಕೈಹಾಕಿ ಸಿಸ್ಟಮ್‌ನ ತಿರುಳಾದ ಕರ್ನಲ್ ಅದನ್ನು ಹೊರಹಾಕಿತು. ಸಿಗ್ನಲ್ 6 ಅಂದರೆ ಏನೋ ಸರಿಯಿಲ್ಲ ಅಂತ ಕಂಡು ಡವ್‌ಕಾಟ್ ತಾನೇ ನಿಂತಿತು. ಆಗ ಅದರ ಹಿಂದಿನ ಸಾಲಿನಲ್ಲಿ ಪ್ಯಾನಿಕ್ ಅಂತ ಬರೆದು, ಯಾವ ಫೈಲು, ಎಷ್ಟನೇ ಸಾಲು ಅಂತಲೂ ಹೇಳಿರುತ್ತದೆ. ಸಿಗ್ನಲ್ 9 ಅಂದರೆ ಹೊರಗಿನವರು ಕೊಂದರು. ಹೆಚ್ಚಿನ ಸಲ ಅದು ಮೆಮೊರಿ ಸಾಲದೆ ಕರ್ನಲ್ಲೇ ಮಾಡಿದ ಕೆಲಸ. 83 ಸಿಗ್ನಲ್ಲೇ ಅಲ್ಲ, ಡವ್‌ಕಾಟ್‌ನ ಸ್ವಂತ ಕೋಡ್. ತನಗೆ ಹಾಕಿದ ಮೆಮೊರಿ ಮಿತಿ ಮುಗಿಯಿತು ಅಂತ ಅರ್ಥ.

ಸುಲಭದ್ದನ್ನು ಮೊದಲು ಮುಗಿಸೋಣ. ಮ್ಯಾನೇಜರ್‌ದು 83. ಆ ಸಾಲನ್ನು ಪೂರ್ತಿ ಓದಿ. ಬ್ರಾಕೆಟ್ ಒಳಗೆ ವಿಎಸ್‌ಝಡ್ ಲಿಮಿಟ್ (ಮೆಮೊರಿ ಮಿತಿ) ಇಷ್ಟು, ಇದನ್ನು ಜಾಸ್ತಿ ಮಾಡಬೇಕಾಗಬಹುದು ಅಂತ ಡವ್‌ಕಾಟೇ ಬರೆದಿರುತ್ತದೆ. ಡವ್‌ಕಾಟ್ 2.3ರಲ್ಲಿ ಇದರ ಮಾಮೂಲಿ ಅಳತೆ 256 ಎಂಬಿ. ಹಳೇ ಕಾನ್ಫಿಗ್‌ನಿಂದ ಆ ಸಾಲನ್ನು ಹಾಗೇ ತಂದಿರುತ್ತೀರಿ. ಮ್ಯಾನೇಜರ್ ಎಂದೂ ಮೇಲ್ ಅಳಿಸದವರು ಅಂತ ಊಹಿಸುತ್ತೇನೆ. ಅಂಥ ಇನ್‌ಬಾಕ್ಸ್‌ನ ಕ್ಯಾಷ್ ಫೈಲ್ ದೊಡ್ಡದಾಗಿರುತ್ತದೆ, ಡವ್‌ಕಾಟ್ ಅದನ್ನು ಮೆಮೊರಿಗೆ ಜೋಡಿಸಿಕೊಂಡು ಓದುತ್ತದೆ. ಮೇಲ್ ಓದಿಸುವ ಐಮ್ಯಾಪ್ ಸರ್ವಿಸ್‌ಗೆ ಮಾತ್ರ ಮಿತಿಯನ್ನು 1 ಜಿಬಿ ಮಾಡಿ. ಇದು ಪ್ರತಿ ಪ್ರೊಸೆಸ್‌ಗೆ ಗರಿಷ್ಠ ಮಿತಿ, ಅಷ್ಟನ್ನೂ ಅದು ತಿನ್ನುತ್ತದೆ ಅಂತಲ್ಲ. ಅಷ್ಟರಲ್ಲಿ ಅವರ ಇನ್‌ಬಾಕ್ಸ್ ತೆರೆಯಬೇಕು.

ವೇಬ್ರಿಡ್ಜ್ ಪಿಸಿದು ಕ್ರ್ಯಾಶೇ ಅಲ್ಲ. ಹೊಸ ಸರ್ವರ್ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ವಿಧಾನ) 1.2ಕ್ಕಿಂತ ಕೆಳಗೆ ಮಾತಾಡುವುದಿಲ್ಲ. ವಿಂಡೋಸ್ 7ರ ಹಳೇ ಔಟ್‌ಲುಕ್, ಬೇರೆ ತಿದ್ದುಪಡಿ ಹಾಕದಿದ್ದರೆ, 1.0ರಲ್ಲೇ ಶುರು ಮಾಡುತ್ತದೆ. ಇದೊಂದು ಪಿಸಿಗೋಸ್ಕರ ಇಡೀ ಸರ್ವರ್‌ನ ಮಟ್ಟ ಇಳಿಸಬೇಡಿ. ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಮ್ ವಿಂಡೋಸ್‌ನ ಟಿಎಲ್‌ಎಸ್ ನೆಚ್ಚಿಕೊಳ್ಳುವುದಿಲ್ಲ, ತನ್ನದೇ ತರುತ್ತದೆ. ವಿಂಡೋಸ್ 7ರಲ್ಲಿ ಓಡುವ ಅದರ ಕೊನೆಯ ಆವೃತ್ತಿ 115. ಅದನ್ನು ಹಾಕಿ ತೂಕದ ಚೀಟಿ ಕಳಿಸುವ ಕೆಲಸ ನಡೆಸಿ. ಆ ಪಿಸಿಯನ್ನೇ ಬದಲಿಸುವುದು ಸರಿಯಾದ ದಾರಿ, ಆದರೆ ಲಾರಿಗಳು ಸಾಲುಗಟ್ಟಿ ನಿಂತಿರುವ ದಿನ ಅದಾಗುವ ಮಾತಲ್ಲ. ಆಫೀಸಿನ ಸ್ಕ್ಯಾನರ್ ನೇರವಾಗಿ ಮೇಲ್ ಕಳಿಸುತ್ತಿದ್ದರೆ ಅದನ್ನೂ ಒಮ್ಮೆ ನೋಡಿ. ಹಳೇ ಸ್ಕ್ಯಾನರ್‌ಗಳಿಗೂ ಇದೇ ಕಾಯಿಲೆ.

ಈಗ ಎಲ್ಲರಿಗೂ ಕೆಲವು ನಿಮಿಷ ನಿಂತುಹೋಗುವುದು. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಕರ್ನಲ್ ಸಂದೇಶ ಮಾತ್ರ ತೋರಿಸುವ ಆಯ್ಕೆ ಹಾಕಿ, "ಔಟ್ ಆಫ್ ಮೆಮೊರಿ" ಹುಡುಕಿ. ಸಿಗುತ್ತದೆ ಅಂತಲೇ ನನ್ನ ಲೆಕ್ಕ. ಆ ಸಾಲಿನಲ್ಲಿ ಸತ್ತವರ ಹೆಸರಿರುತ್ತದೆ. ಕ್ಲ್ಯಾಮ್‌ಎವಿಯ ಕ್ಲ್ಯಾಮ್‌ಡಿ ಇರಬಹುದು, ಮರಿಯಾಡಿಬಿ ಇರಬಹುದು. ಮೆಮೊರಿ ಸಾಲದಾದಾಗ ಕರ್ನಲ್ ಹೆಚ್ಚಾಗಿ ಹೆಚ್ಚು ತಿಂದವನನ್ನೇ ಹಿಡಿಯುತ್ತದೆ, ಗಲಾಟೆ ಶುರು ಮಾಡಿದವನನ್ನಲ್ಲ. ಹೋದದ್ದು ಮರಿಯಾಡಿಬಿ ಆದರೆ ಪಾಸ್‌ವರ್ಡ್ ಸರಿಯೋ ತಪ್ಪೋ ಅಂತ ಹೇಳುವವರಿಲ್ಲ. ಡವ್‌ಕಾಟ್ ಒಳಗೆ ಬಿಡುವುದಿಲ್ಲ, ಔಟ್‌ಲುಕ್ ಪಾಸ್‌ವರ್ಡ್ ಕೇಳುತ್ತದೆ. ನೀವು ಕ್ರ್ಯಾಶ್ ಆದದ್ದು ಡವ್‌ಕಾಟ್ ಅಂತ ಅದರ ಹಿಂದೆ ಬೀಳುತ್ತೀರಿ.

ಗಲಾಟೆ ಶುರು ಮಾಡುವುದು ಸಾಮಾನ್ಯವಾಗಿ ಕ್ಲ್ಯಾಮ್‌ಎವಿ. ವೈರಸ್ ಗುರುತುಗಳ ಡೇಟಾಬೇಸನ್ನು ಅದು ಪೂರ್ತಿ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೇ 1 ಜಿಬಿ ಮೇಲೆ ಬೇಕು. 2020ರಲ್ಲಿ ಬಂದ 0.103 ಆವೃತ್ತಿಯಿಂದ, ಹೊಸ ಡೇಟಾಬೇಸ್ ಬಂದಾಗ ಸ್ಕ್ಯಾನಿಂಗ್ ನಿಲ್ಲಬಾರದು ಅಂತ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನೂ ಓದುತ್ತದೆ. ಆ ಹೊತ್ತಿನಲ್ಲಿ ಮೆಮೊರಿ ಹೆಚ್ಚುಕಡಿಮೆ ಎರಡು ಪಟ್ಟು. 4 ಜಿಬಿ ಮೆಷಿನ್‌ನಲ್ಲಿ ಡೇಟಾಬೇಸ್ ಎಲ್ಲ ಇದ್ದಾಗ ಮೆಮೊರಿ ಸಾಲುವುದಿಲ್ಲ. ಕಾನ್ಕರೆಂಟ್ ಡೇಟಾಬೇಸ್ ರೀಲೋಡ್ ಅನ್ನುವ ಸೆಟ್ಟಿಂಗನ್ನು ನೋ ಮಾಡಿದರೆ ಹಳೆಯದನ್ನು ಬಿಟ್ಟು ಹೊಸದನ್ನು ಓದುತ್ತದೆ. ಅಷ್ಟು ಹೊತ್ತು ಸ್ಕ್ಯಾನಿಂಗ್ ಕಾಯುತ್ತದೆ, ಮೇಲ್ ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಮೊದಲು ಚೆನ್ನಾಗೇ ಇತ್ತಲ್ಲ, ಈಗ ಯಾಕೆ ಅಂತ ಕೇಳುತ್ತೀರಿ. ಅಪ್‌ಗ್ರೇಡ್ ನಡುವೆ ಡೆಬಿಯನ್ ನಿಂತು ಕೇಳಿರುತ್ತದೆ: ಈ ಕಾನ್ಫಿಗ್ ಫೈಲನ್ನು ನೀವು ತಿದ್ದಿದ್ದೀರಿ, ನಿಮ್ಮದೇ ಇರಲಾ, ಹೊಸದು ಹಾಕಲಾ? ರಾತ್ರಿ ಹೊತ್ತು, ಕೆಲಸ ಬೇಗ ಮುಗಿಯಲಿ ಅಂತ ವೈ ಒತ್ತಿದರೆ ನಿಮಗಿಂತ ಮೊದಲು ಅಲ್ಲಿ ಕೆಲಸ ಮಾಡಿದವರು ಹಾಕಿದ್ದ ಇಂಥ ಸೆಟ್ಟಿಂಗ್‌ಗಳೆಲ್ಲ ಹೋಗುತ್ತವೆ. ಅದೃಷ್ಟಕ್ಕೆ ಹಳೇ ಫೈಲ್ ಪಕ್ಕದಲ್ಲೇ ಇರುತ್ತದೆ. ಕಾನ್ಫಿಗ್ ಇರುವ ಇಟಿಸಿ ಫೋಲ್ಡರ್ ಇಡೀ ಜಾಲಾಡಿ, ಹೆಸರಿನ ಕೊನೆಗೆ ಡಿಪಿಕೆಜಿ-ಓಲ್ಡ್, ಡಿಪಿಕೆಜಿ-ಡಿಸ್ಟ್ ಅಥವಾ ಯುಸಿಎಫ್-ಓಲ್ಡ್ ಅಂತ ಇರುವ ಫೈಲುಗಳನ್ನು ಹುಡುಕಿ. ಒಂದೊಂದನ್ನೂ ಈಗಿನ ಫೈಲ್ ಜೊತೆ ಡಿಫ್ (ವ್ಯತ್ಯಾಸ ತೋರಿಸುವ ಕಮಾಂಡ್) ಹಾಕಿ ನೋಡಿ. ಅಪ್‌ಗ್ರೇಡ್ ನಂತರದ ತಲೆನೋವುಗಳಲ್ಲಿ ಅರ್ಧ ಇಲ್ಲೇ ಸಿಗುತ್ತವೆ ಅನ್ನುವುದು ನನ್ನ ಅನುಭವ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದೆಯಾ ಅಂತಲೂ ನೋಡಿಬಿಡಿ.

ಈಗ ನಿಜವಾದ ಕ್ರ್ಯಾಶ್‌ಗೆ ಬರೋಣ. ಮೂವರು, ಸಿಗ್ನಲ್ 11.

ಉಳಿದವರಿಗೆ ಅದೇ ಪ್ರೋಗ್ರಾಮ್, ಅದೇ ಲೈಬ್ರರಿ ಚೆನ್ನಾಗಿ ಓಡುತ್ತಿದೆ. ಹಾಗಾಗಿ ಈ ಮೂವರ ಮೇಲ್‌ಬಾಕ್ಸ್‌ನಲ್ಲಿರುವ ಏನೋ ಒಂದನ್ನು ಹೊಸ ಡವ್‌ಕಾಟ್ ಓದಲಾರದೆ ಮುಗ್ಗರಿಸುತ್ತಿದೆ. ಡೆಬಿಯನ್ 12ರಲ್ಲಿದ್ದದ್ದು 2.3, 13ರಲ್ಲಿರುವುದು 2.4. ನಡುವಿನ ಅಂತರ ಸಣ್ಣದಲ್ಲ. 2.3.0 ಬಂದದ್ದು 2017ರ ಕೊನೆಯಲ್ಲಿ, 2.4.0 ಬಂದದ್ದು 2025ರ ಜನವರಿಯಲ್ಲಿ. ಹೊಸ ಕೋಡ್‌ಗೆ ಎಷ್ಟೋ ವರ್ಷದ ಹಳೇ ಇಂಡೆಕ್ಸ್ ಸಿಕ್ಕಾಗ ಮೂಲೆಯಲ್ಲಿದ್ದ ಬಗ್ ಎದ್ದು ಬರುವುದುಂಟು.

ಮೊದಲು ಆ ಮೂವರ ಮೇಲ್‌ಡಿರ್ ಅನ್ನು ಪೂರ್ತಿ ಕಾಪಿ ತೆಗೆದು ಬೇರೆ ಕಡೆ ಇಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಯಾವ ಪ್ರಯೋಗ ಮಾಡಿದರೂ ವಾಪಸ್ ಬರಲು ದಾರಿ ಇರಬೇಕು, ಬಗ್ ಸಾಬೀತು ಮಾಡಲೂ ಅದೇ ಬೇಕು.

ಆಮೇಲೆ ಔಟ್‌ಲುಕ್ ಬಿಟ್ಟು ಸರ್ವರ್‌ನಲ್ಲೇ ಕ್ರ್ಯಾಶ್ ಆಗುವಂತೆ ಮಾಡಿ. ಡವ್‌ಕಾಟ್‌ನ ನಿರ್ವಹಣೆಗಿರುವ ಡವ್‌ಆಡ್ಮ್ ಕಮಾಂಡ್‌ನಿಂದ ಒಬ್ಬ ಬಳಕೆದಾರರ ಹೆಸರು ಕೊಟ್ಟು ಇನ್‌ಬಾಕ್ಸ್ ಇಂಡೆಕ್ಸ್ ಮಾಡಿಸಿ, ಆಮೇಲೆ ಫೆಚ್ ಕೊಟ್ಟು ಎಲ್ಲ ಮೇಲ್ ಓದಿಸಿ. ಅಲ್ಲೂ ಸೆಗ್‌ಫಾಲ್ಟ್, ಅಂದರೆ ಸಿಗ್ನಲ್ 11, ಬಂತಾ? ಅರ್ಧ ಕೆಲಸ ಆಯಿತು. ಬೇಕೆಂದಾಗ ಬೀಳಿಸಬಹುದಾದ ಕ್ರ್ಯಾಶ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಇಲ್ಲಿ ಬೀಳದೆ ಔಟ್‌ಲುಕ್‌ನಿಂದ ಮಾತ್ರ ಬೀಳುತ್ತಿದ್ದರೆ, ಔಟ್‌ಲುಕ್ ಕೊಡುವ ಯಾವುದೋ ಐಮ್ಯಾಪ್ ಕಮಾಂಡ್ ಕಾರಣ. ರಾಲಾಗ್ ಅನ್ನುವ ಸೌಲಭ್ಯ ಆ ಬಳಕೆದಾರರಿಗೆ ಮಾತ್ರ ಆನ್ ಮಾಡಿದರೆ ಸಾಯುವ ಮುಂಚಿನ ಕೊನೆಯ ಕಮಾಂಡ್ ಯಾವುದು ಅಂತ ಬರೆದಿಡುತ್ತದೆ.

ಇನ್ನು ನಿಮ್ಮ ಗೆಳೆಯ ಹೇಳಿದ ಇಂಡೆಕ್ಸ್ ಫೈಲ್. ಅವರದ್ದು ಪೂರ್ತಿ ತಪ್ಪು ಮಾತಲ್ಲ, ಆದರೆ "ಎಲ್ಲ" ಅನ್ನುವುದು ಅಪಾಯ. ಮೇಲ್‌ಡಿರ್ ಫೋಲ್ಡರ್ ತೆರೆದು ನೋಡಿ. ಕರ್ ಅನ್ನುವ ಫೋಲ್ಡರ್‌ನಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್. ಹೆಸರಿನ ಕೊನೆಯಲ್ಲಿ ಒಂದು ಕೋಲನ್, 2, ಒಂದು ಕಾಮಾ, ಅದರ ಮುಂದೆ ಅಕ್ಷರಗಳು. ಎಸ್ ಇದ್ದರೆ ಓದಿದ್ದು, ಆರ್ ಇದ್ದರೆ ಉತ್ತರ ಕೊಟ್ಟದ್ದು, ಎಫ್ ಇದ್ದರೆ ಗುರುತು ಹಾಕಿಟ್ಟದ್ದು. ಮೇಲ್‌ನ ಸ್ಥಿತಿ ಫೈಲ್ ಹೆಸರಿನಲ್ಲೇ ಇರುವುದರಿಂದ ಡವ್‌ಕಾಟ್ ಡಾಟ್ ಇಂಡೆಕ್ಸ್ ಅಂತ ಶುರುವಾಗುವ ಫೈಲುಗಳು ಹೋದರೂ ಡವ್‌ಕಾಟ್ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಅದೇ ಜಾಗದಲ್ಲಿ ಡವ್‌ಕಾಟ್-ಯುಐಡಿಲಿಸ್ಟ್, ಡವ್‌ಕಾಟ್-ಕೀವರ್ಡ್ಸ್ ಅಂತ ಎರಡು ಫೈಲ್ ಇವೆ. ಇವನ್ನು ಮುಟ್ಟಬೇಡಿ. ಯುಐಡಿಲಿಸ್ಟ್‌ನಲ್ಲಿ ಪ್ರತಿ ಮೇಲ್‌ಗೂ ಕೊಟ್ಟ ನಂಬರ್ ಇದೆ. ಅದು ಹೋದರೆ ಔಟ್‌ಲುಕ್, ಮೊಬೈಲ್ ಎಲ್ಲವೂ ಇದು ಬೇರೆಯೇ ಮೇಲ್‌ಬಾಕ್ಸ್ ಅಂದುಕೊಂಡು ಮೊದಲಿಂದ ಡೌನ್‌ಲೋಡ್ ಶುರು ಮಾಡುತ್ತವೆ. ಮಳೆಗಾಲದಲ್ಲಿ ನಿಮ್ಮ ಕಡೆ ಇಂಟರ್‌ನೆಟ್ ಲೈನ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಕೀವರ್ಡ್ಸ್‌ನಲ್ಲಿ ಜನ ಹಾಕಿಕೊಂಡ ಲೇಬಲ್‌ಗಳ ಹೆಸರಿವೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಿಮ್ಮದು ಮೇಲ್‌ಡಿರ್ ಅಲ್ಲದೆ ಎಸ್‌ಡಿಬಾಕ್ಸ್ ಅಥವಾ ಎಂಡಿಬಾಕ್ಸ್ (ಮೇಲ್ ಇಡುವ ಬೇರೆ ರೂಪಗಳು) ಆಗಿದ್ದರೆ ಇಂಡೆಕ್ಸ್ ಫೈಲ್ ಅಳಿಸಲೇಬೇಡಿ. ಅಲ್ಲಿ ಓದಿದ್ದು, ಓದದ್ದು ಎಲ್ಲ ಇರುವುದು ಇಂಡೆಕ್ಸ್‌ನಲ್ಲೇ.

ಇಲ್ಲಿಯೂ ಅಳಿಸಬೇಡಿ, ಹೆಸರು ಬದಲಿಸಿ. ಮೊದಲು ಇಂಡೆಕ್ಸ್ ಕ್ಯಾಷ್ ಫೈಲ್ ಒಂದನ್ನೇ ಪಕ್ಕಕ್ಕಿಟ್ಟು ಮತ್ತೆ ಡವ್‌ಆಡ್ಮ್ ಓಡಿಸಿ. ಬೀಳುವುದು ನಿಂತರೆ ಕಳ್ಳ ಸಿಕ್ಕಿದ. ನಿಲ್ಲದಿದ್ದರೆ ಉಳಿದ ಇಂಡೆಕ್ಸ್ ಫೈಲುಗಳನ್ನೂ ಪಕ್ಕಕ್ಕಿಡಿ. ಒಟ್ಟಿಗೆ ಎಲ್ಲ ತೆಗೆದರೆ ಗುಣವಾಗಬಹುದು, ಆದರೆ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ. ನಾಳೆ ನಾಲ್ಕನೆಯವರಿಗೆ ಬಂದಾಗ ಮತ್ತೆ ಇದೇ ಪಾಡು.

ಆಗಲೂ ಬೀಳುತ್ತಿದ್ದರೆ ಯಾವುದೋ ಒಂದು ಮೇಲೇ ಕಾರಣ. ಅದನ್ನು ಹಿಡಿಯುವುದು ಕಷ್ಟವಲ್ಲ. ಫೆಚ್ ಕಮಾಂಡ್‌ಗೆ ಮೇಲ್ ನಂಬರ್‌ಗಳ (ಯುಐಡಿ) ಶ್ರೇಣಿ ಕೊಡಬಹುದು. ಮೊದಲರ್ಧ ಓದಿಸಿ, ಬೀಳದಿದ್ದರೆ ಎರಡನೇ ಅರ್ಧ. ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಲಕ್ಷ ಮೇಲ್ ಇದ್ದರೂ 17 ಸಲದೊಳಗೆ ಒಂದಕ್ಕೆ ಬಂದು ನಿಲ್ಲುತ್ತೀರಿ. ಆ ಫೈಲನ್ನು ಮೇಲ್‌ಡಿರ್‌ನಿಂದ ಹೊರಗೆ ತೆಗೆದಿಟ್ಟು ಟೆಕ್ಸ್ಟ್ ಎಡಿಟರ್‌ನಲ್ಲಿ ನೋಡಿ. ಮುಗಿಯದ ಹೆಡರ್, ಒಂದರೊಳಗೊಂದು ಸೇರಿಕೊಂಡ ಫಾರ್ವರ್ಡ್‌ಗಳು, ಅರ್ಧಕ್ಕೆ ನಿಂತ ಅಟ್ಯಾಚ್‌ಮೆಂಟ್, ಇಂಥದ್ದೇನೋ ಇರುತ್ತದೆ. ಶಿಪ್ಪಿಂಗ್ ದಾಖಲೆಗಳ ಮೇಲ್ ಐದಾರು ಆಫೀಸು ಸುತ್ತಿ ಬಂದಾಗ ಎಂಥೆಂಥ ರೂಪ ತಾಳುತ್ತದೆ ಅಂತ ನೀವೇ ನೋಡಿರುತ್ತೀರಿ.

ಇಷ್ಟರಲ್ಲೂ ಸಿಗದಿದ್ದರೆ ಕೋರ್ ಡಂಪ್ ಬೇಕು, ಅಂದರೆ ಪ್ರೋಗ್ರಾಮ್ ಸತ್ತ ಕ್ಷಣದ ಮೆಮೊರಿಯ ಚಿತ್ರ. ಸಿಸ್ಟಮ್‌ಡಿ-ಕೋರ್‌ಡಂಪ್ ಪ್ಯಾಕೇಜ್ ಹಾಕಿ. ಮುಂದಿನ ಸಲ ಬಿದ್ದಾಗ ಕೋರ್‌ಡಂಪ್‌ಸಿಟಿಎಲ್ ಪಟ್ಟಿಯಲ್ಲಿ ಕಾಣುತ್ತದೆ. ಡವ್‌ಕಾಟ್ ಪ್ರೊಸೆಸ್‌ಗಳು ರೂಟ್‌ನಿಂದ ಶುರುವಾಗಿ ಬೇರೆ ಬಳಕೆದಾರರಿಗೆ ಬದಲಾಗುವುದರಿಂದ ಕೆಲವು ಸಲ ಡಂಪ್ ಬೀಳುವುದಿಲ್ಲ. ಆಗ ಲಾಗ್ ಸಾಲಿನಲ್ಲೇ ಯಾವ ಸೆಟ್ಟಿಂಗ್ ಹಾಕಬೇಕು ಅಂತ ಬರೆದಿರುತ್ತದೆ, ಅದನ್ನು ಪಾಲಿಸಿ. ಡಂಪನ್ನು ಜಿಡಿಬಿ ಅನ್ನುವ ಡೀಬಗ್ ಪ್ರೋಗ್ರಾಮ್‌ನಲ್ಲಿ ತೆರೆದು ಬ್ಯಾಕ್‌ಟ್ರೇಸ್, ಅಂದರೆ ಸಾಯುವಾಗ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿ, ತೆಗೆಯಿರಿ. ಡೆಬಿಯನ್‌ನ ಡೀಬಗ್‌ಇನ್ಫೋಡಿ ಸರ್ವರ್ ವಿಳಾಸ ಕೊಟ್ಟರೆ ಬರೀ ನಂಬರ್‌ಗಳ ಬದಲು ಫಂಕ್ಷನ್ ಹೆಸರುಗಳು ಕಾಣುತ್ತವೆ.

ಬ್ಯಾಕ್‌ಟ್ರೇಸ್ ನೋಡಿ ಹೆದರಬೇಡಿ. ಸಿ ಭಾಷೆ ಗೊತ್ತಿಲ್ಲದಿದ್ದರೂ ಮೇಲಿನ ಏಳೆಂಟು ಸಾಲು ಓದಬಹುದು. ಕ್ಯಾಷ್ ಅನ್ನುವ ಪದವಿರುವ ಫಂಕ್ಷನ್ ಇದ್ದರೆ ಇಂಡೆಕ್ಸ್ ಕ್ಯಾಷ್ ಕಡೆ, ಮೆಸೇಜ್ ಪಾರ್ಸರ್ ಇದ್ದರೆ ಮೇಲ್‌ನ ಒಳಗಿನ ರಚನೆ ಕಡೆ ನೋಡಿ. ಎಫ್‌ಟಿಎಸ್ ಅಂತ ಇದ್ದರೆ ಹುಡುಕಾಟದ ಪ್ಲಗಿನ್, ಅದನ್ನು ಆಫ್ ಮಾಡಿ ನೋಡಿ. ಕೈಯಾರೆ ಕಂಪೈಲ್ ಮಾಡಿದ ಹಳೇ ಪ್ಲಗಿನ್ ಇದ್ದರೆ ಡವ್‌ಕಾಟ್ ಅದನ್ನು ಲೋಡೇ ಮಾಡುವುದಿಲ್ಲ, ಎಬಿಐ (ಪ್ಲಗಿನ್ ಜೋಡಣೆಯ) ಆವೃತ್ತಿ ಬೇರೆ ಅಂತ ಹೇಳಿ ನಿಲ್ಲುತ್ತದೆ. ಅದು ಬೇರೆ ಕಥೆ.

ಬಗ್ ಅಂತ ಖಾತ್ರಿಯಾದರೆ ಡೆಬಿಯನ್‌ಗೆ ವರದಿ ಮಾಡಿ. ಡವ್‌ಕಾಟ್ ಆವೃತ್ತಿ, ಡವ್‌ಕಾನ್ಫ್ ಕೊಡುವ ಬದಲಾದ ಸೆಟ್ಟಿಂಗ್‌ಗಳ ಪಟ್ಟಿ, ಲಾಗ್ ಸಾಲು, ಬ್ಯಾಕ್‌ಟ್ರೇಸ್ ಇಷ್ಟು ಸಾಕು. ಕೋರ್ ಡಂಪ್ ಫೈಲನ್ನು ಮಾತ್ರ ಯಾರಿಗೂ ಕಳಿಸಬೇಡಿ. ಅದರೊಳಗೆ ಜನರ ಮೇಲ್ ಇರುತ್ತದೆ, ಪಾಸ್‌ವರ್ಡ್ ಇದ್ದರೂ ಇರಬಹುದು. ಪಾರ್ಟಿಗಳಿಗೆ ಕೊಟ್ಟ ರೇಟ್ ಹೊರಗೆ ಹೋದರೆ ಮ್ಯಾನೇಜರ್ ನಿಮ್ಮನ್ನು ಬಿಡುವುದಿಲ್ಲ.

ರ‍್ಯಾಮ್ ಬಗ್ಗೆ ಚಿಕ್ಕದಾಗಿ. ಕರ್ನಲ್ ಲಾಗ್‌ನಲ್ಲಿ ಸೆಗ್‌ಫಾಲ್ಟ್ ಆದ ಪ್ರೋಗ್ರಾಮ್‌ಗಳ ಹೆಸರು ನೋಡಿ. ಬರೀ ಐಮ್ಯಾಪ್ ಇದ್ದರೆ ಮೇಲೆ ಹೇಳಿದ್ದೇ ಸರಿ. ಪೈಥಾನ್, ಮರಿಯಾಡಿಬಿ, ಇನ್ನೇನೋ ಅಂತ ಕಲಸುಮೇಲೋಗರ ಇದ್ದರೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ಮಲೆನಾಡಿನ ಸಿಡಿಲು, ಕರೆಂಟ್ ಏರಿಳಿತಕ್ಕೆ ಸಿಕ್ಕ ಮೆಷಿನ್‌ಗಳಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ಅಪ್‌ಗ್ರೇಡ್ ಹೊತ್ತಿನಲ್ಲಿ ಮೆಮೊರಿ ಪೂರ್ತಿ ಬಳಕೆಯಾಗಿ ಹಳೇ ದೋಷ ಆಗಲೇ ಕಾಣಿಸಿಕೊಳ್ಳಬಹುದು.

ಕೊನೆಗೆ ಹಾಸನ. ನೀವು ಕೇಳದೆ ಬಿಟ್ಟ ಪ್ರಶ್ನೆಯೇ ಇಲ್ಲಿ ಮುಖ್ಯ. ರೆಪ್ಲಿಕೇಶನ್ "ಇತ್ತು" ಅಂತ ಬರೆದಿದ್ದೀರಿ. ಭಾನುವಾರದಿಂದ ಅದು ಇಲ್ಲ. ಡವ್‌ಕಾಟ್ 2.4ರಲ್ಲಿ ರೆಪ್ಲಿಕೇಟರನ್ನೇ ತೆಗೆದುಹಾಕಿದ್ದಾರೆ, ಡೆಬಿಯನ್ 13ರ ಬಿಡುಗಡೆ ಟಿಪ್ಪಣಿಯಲ್ಲೂ ಇದನ್ನು ಹೇಳಿದ್ದಾರೆ. ನೀವು ಕಾಮೆಂಟ್ ಮಾಡಿದ ಸಾಲುಗಳಲ್ಲಿ ಅದರವೂ ಇರಬೇಕು. ಹಾಗಾಗಿ ಎರಡೂ ಕಡೆ ಮೇಲ್ ಈಗ ಬೇರೆ ಬೇರೆ ಆಗುತ್ತಿದೆ. ಯಾವುದೋ ಒಂದು ಸರ್ವರ್ ಮಾತ್ರ ಮೇಲ್ ತೆಗೆದುಕೊಳ್ಳುವಂತೆ ಇವತ್ತೇ ಮಾಡಿ. ಡವ್‌ಆಡ್ಮ್ ಸಿಂಕ್ ಕಮಾಂಡ್ ಇನ್ನೂ ಇದೆ. ಒಬ್ಬರ ಮೇಲ್‌ಬಾಕ್ಸ್ ಮೇಲೆ ಪ್ರಯೋಗ ಮಾಡಿ, ಸರಿ ಬಂದರೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹಾಕಿ ಒಬ್ಬೊಬ್ಬರದಾಗಿ ಓಡಿಸಬಹುದು. ಸಿಗ್ನಲ್ 11 ಬರುತ್ತಿರುವ ಆ ಮೂವರನ್ನು ಸದ್ಯ ಬಿಟ್ಟುಬಿಡಿ.

ಹಾಸನದ್ದನ್ನು ಈಗ ಏರಿಸಬೇಡಿ. ಡೆಬಿಯನ್ 12ಕ್ಕೆ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ, ಅವಸರವೇನಿಲ್ಲ. ರೋಬಸ್ಟಾ ಒಳಗೆ ಬಂದು ಗೋಡೌನ್ ಗದ್ದಲ ಕಡಿಮೆಯಾದ ಮೇಲೆ, ಆ ಡಿಸ್ಕ್‌ನ ಕಾಪಿಯನ್ನು ವರ್ಚುವಲ್ ಮೆಷಿನ್‌ನಲ್ಲಿ ಎಬ್ಬಿಸಿ, ನೆಟ್‌ವರ್ಕ್ ಕಿತ್ತಿಟ್ಟು ಅಲ್ಲಿ ಅಪ್‌ಗ್ರೇಡ್ ಮಾಡಿ. ಪ್ರತಿ ಬಳಕೆದಾರರ ಮೇಲ್‌ಬಾಕ್ಸನ್ನೂ ಡವ್‌ಆಡ್ಮ್ ಫೆಚ್‌ನಿಂದ ಒಮ್ಮೆ ಪೂರ್ತಿ ಓದಿಸಿ. ಬೀಳುವುದಿದ್ದರೆ ಅಲ್ಲೇ ಬೀಳುತ್ತದೆ.